ಫ್ಲಾರೆನ್ಸಿನ ಪಿಯೆತಾ: ಶುದ್ಧೀಕರಣದ ಒಂದು ದೈವಶಾಸ್ತ್ರೀಯ ವಿಮರ್ಶೆ

ಹೊಯ್ಸಳ ವಿಷ್ಣುವರ್ಧನನು 1117ರಲ್ಲಿ ತಲಕಾಡಿನಲ್ಲಿ ಕಟ್ಟಿಸಿದ ಕೀರ್ತಿನಾರಾಯಣ ದೇಗುಲವನ್ನು ಮರಳಿನಿಂದ ಬಿಡಿಸಿದ ಕಾರ್ಯವು ನಮಗೊಂದು ವಿವೇಕವನ್ನು ಕಲಿಸುತ್ತದೆ. ಮರಳು ಕಲ್ಲಿಗೆ ಸೇರಿದ್ದಲ್ಲ, ತೆಗೆಯತಕ್ಕದ್ದು. ಉಳಿಯ ಗುರುತೂ ಶತಮಾನಗಳ ಸವೆತವೂ ಕಲ್ಲಿನವೇ, ಉಳಿಯತಕ್ಕವು. ಮೈಕೆಲಾಂಜೆಲೊ ಕಡೆದ ಫ್ಲಾರೆನ್ಸಿನ ಪಿಯೆತಾ ಶಿಲ್ಪದ ಶುದ್ಧೀಕರಣವನ್ನೂ (2019–2021) ಇದೇ ಒರೆಗೆ ಹಚ್ಚಿ ನೋಡಬಹುದು.

ಕ್ರಿಸ್ತ, ಮಾತೆ ಮರಿಯ, ಮಗ್ದಲದ ಮರಿಯ ಹಾಗೂ ನಿಕೊದೇಮ ಒಂದೇ ಅಮೃತಶಿಲೆಯಲ್ಲಿ ಮೂಡಿರುವ ಈ ಕೃತಿಯನ್ನು ಶಿಲ್ಪಿಯು ತನ್ನ ಸಮಾಧಿಗೆಂದು ಆರಂಭಿಸಿ, ತಾನೇ ಒಡೆದು ಕೈಬಿಟ್ಟನು. 1882ರಲ್ಲಿ ಅಚ್ಚು ತೆಗೆದಾಗ ಉಳಿದ ಜಿಪ್ಸಮ್, ಬಳಿದ ಮೇಣ, ಬಲಿಪೀಠದ ಮೇಣದಬತ್ತಿಗಳ ಹನಿಗಳು ಅದರ ಮೈಯನ್ನು ಮುಸುಕಿದ್ದವು. ತಜ್ಞರು ಮೊದಲು ಹಿಂಬದಿಯಲ್ಲಿ ಪರೀಕ್ಷಿಸಿ, ಶುದ್ಧ ನೀರಿನಲ್ಲಿ ನೆನೆದ ಹತ್ತಿಯಿಂದ ಕೊಳೆಯನ್ನು ಒರೆಸಿದರು. ಆಗ ಶಿಲೆಯ ಸೂಕ್ಷ್ಮ ಬಿರುಕುಗಳು ಕಂಡುಬಂದವು. ಕೃತಿಯನ್ನು ಕೈಬಿಟ್ಟದ್ದು ಬರಿಯ ಸಿಟ್ಟಿನಿಂದಲ್ಲ, ಕಲ್ಲಿನ ದೋಷದಿಂದಲೂ ಇರಬಹುದೆಂಬ ಊಹೆಗೆ ಬಲ ಬಂದಿತು. ಕ್ರಿಸ್ತನ ಇಲ್ಲದ ಎಡಗಾಲನ್ನು ಯಾರೂ ಹೊಸದಾಗಿ ಜೋಡಿಸಲಿಲ್ಲ. ಈ ಸಂಯಮವೇ ಆ ಕಾರ್ಯದ ಹಿರಿಮೆ.

ಆದರೂ ಒಂದು ಪ್ರಶ್ನೆ ಏಳುತ್ತದೆ. ಮೇಣದ ಹನಿಗಳು ಭಕ್ತಜನರ ಆರಾಧನೆಯ ಕುರುಹಲ್ಲವೇ? ಅವನ್ನು ಜಿಪ್ಸಮ್ಮಿನೊಡನೆ ಕೊಳೆಯೆಂದು ಎಣಿಸುವುದು ಸರಿಯೇ? ಆಕ್ಷೇಪ ಹಗುರವಾದುದಲ್ಲ. ಆದರೆ 787ರ ನಿಸೇಯ ಮಹಾಸಭೆಯ ಬೋಧನೆಯಂತೆ ಸ್ವರೂಪಕ್ಕೆ ಸಲ್ಲುವ ಗೌರವವು ಅದು ಸೂಚಿಸುವ ವ್ಯಕ್ತಿಗೆ ಸೇರುತ್ತದೆ. ಮೇಣವು ಆ ಮುಖವನ್ನು ಮರೆಮಾಡತೊಡಗಿದಾಗ ಅದು ಭಕ್ತಿಗೇ ಅಡ್ಡಿಯಾಗುತ್ತದೆ. ಆದ್ದರಿಂದ ತಜ್ಞರ ನಿರ್ಧಾರವನ್ನು ನಾವು ಒಪ್ಪುತ್ತೇವೆ.

ನಮ್ಮ ಧರ್ಮಕೇಂದ್ರಗಳ ಅಪಾಯ ಬೇರೆ. ಹಬ್ಬ ಸಮೀಪಿಸಿದೊಡನೆ ಹಳೆಯ ಸ್ವರೂಪಗಳಿಗೆ ಎನಾಮಲ್ ಬಣ್ಣ ಬಳಿಯುವ ಉತ್ಸಾಹವು ಮರಳನ್ನು ತೆಗೆಯುವುದಲ್ಲ, ಹೊಸ ಮರಳನ್ನು ಸುರಿಯುವುದೇ ಆಗಿದೆ. ಅಮೂಲ್ಯ ಸ್ವರೂಪಗಳನ್ನು ಧರ್ಮಾಧ್ಯಕ್ಷರ ಲಿಖಿತ ಅನುಮತಿಯಿಲ್ಲದೆ ದುರಸ್ತಿ ಮಾಡಕೂಡದು, ಅನುಮತಿಗೆ ಮುನ್ನ ಅವರು ತಜ್ಞರನ್ನು ವಿಚಾರಿಸಬೇಕು ಎಂದು ಧರ್ಮಸಭೆಯ ಕಾನೂನು ಸಂಹಿತೆಯ 1189ನೆಯ ವಿಧಿ ವಿಧಿಸುತ್ತದೆ. ಇದನ್ನು ಕೇವಲ ಕಚೇರಿಯ ಕಟ್ಟಳೆಯೆಂದು ನಾವು ಬಗೆಯಬಾರದು. ಪುನರುತ್ಥಾನಗೊಂಡ ಪ್ರಭು ತೋಮನಿಗೆ ತೋರಿದ್ದು ಗಾಯಗಳಿದ್ದ ಕೈಗಳನ್ನೇ. ಗಾಯವಿಲ್ಲದ ಹೊಸತನವನ್ನು ಸ್ವರೂಪಗಳ ಮೇಲೆ ಹೇರಲು ನಮಗೆ ಅಧಿಕಾರವಿಲ್ಲ.