ಸಿಸ್ಟಂ ಲೈಬ್ರರಿಗೆ ಕೈಹಾಕುವ ಚಾಳಿ

ಕಲ್ಯಾಣ ನಗರದಲ್ಲಿ ಮನೆ ಮಾಡಿಕೊಂಡು ನಾಗವಾರದ ಮಾನ್ಯತಾ ಟೆಕ್ ಪಾರ್ಕಿಗೆ ಓಡಾಡುವ ಎಂಜಿನಿಯರುಗಳಲ್ಲಿ ಹಳೆಯ ಲಿನಕ್ಸ್ ಸರ್ವರ್ ನೋಡಿಕೊಳ್ಳುವವರು ಈ ತಕರಾರನ್ನು ಬಲ್ಲರು. 2019ರಲ್ಲಿ ಬಂದ ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಜ್ಯಾಂಗೊ 2.2ಕ್ಕೆ ಕನಿಷ್ಠ ಎಸ್‌ಕ್ಯೂಲೈಟ್ 3.8.3 ಬೇಕು, ಸೆಂಟ್‌ಒಎಸ್ 7ರಲ್ಲಿ ಇರುವುದು 3.7.17. ಆ್ಯಪ್ ಏಳುವುದೇ ಇಲ್ಲ. ಆಗ ಹೊಸ ಸೋರ್ಸ್ ತಂದು ಕಂಪೈಲ್ ಮಾಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ಸಿಸ್ಟಂನ ಹಳೆಯ ಲಿಂಕನ್ನು ಅಳಿಸಿ ಹೊಸ ಫೈಲಿಗೆ ತಿರುಗಿಸುತ್ತಾರೆ. ಎರರ್ ಹೋಗುತ್ತದೆ ನಿಜ; ಆದರೂ ಇದು ಕೆಟ್ಟ ರಿಪೇರಿ.

ಮೊದಲ ತಪ್ಪು ಪರೀಕ್ಷೆಯಲ್ಲೇ ಇದೆ. ಟರ್ಮಿನಲ್‌ನಲ್ಲಿ ಎಸ್‌ಕ್ಯೂಲೈಟ್ ಕಮಾಂಡ್ ಕೊಟ್ಟರೆ ಹೊಸ ವರ್ಷನ್ ಕಾಣುತ್ತದೆ, ಪೈಥಾನ್ ಮಾತ್ರ ಹಳೆಯದನ್ನೇ ಎತ್ತಿಕೊಂಡಿರುತ್ತದೆ. ಹೊಸ ಲೈಬ್ರರಿ ಹೋಗಿ ಕೂತ ಯೂಸರ್ ಲೋಕಲ್ ಡೈರೆಕ್ಟರಿಯನ್ನು ಸೆಂಟ್‌ಒಎಸ್ ಸೇರಿದ ರೆಡ್ ಹ್ಯಾಟ್ ಬಳಗದ ಲೋಡರ್ ತಾನಾಗಿ ಹುಡುಕುವುದಿಲ್ಲ. ಪೈಥಾನ್ ಬೈನರಿಯ ಮೇಲೆ ಎಲ್‌ಡಿಡಿ ಓಡಿಸಿದರೂ ಸುಳಿವು ಸಿಗದು. ಲೈಬ್ರರಿಯನ್ನು ಬೇಡುವುದು ಅದರ ಎಸ್‌ಕ್ಯೂಲೈಟ್ ಮಾಡ್ಯೂಲ್. ಕೇಳಬೇಕಾದದ್ದು ಓಡುತ್ತಿರುವ ಪ್ರೋಗ್ರಾಮನ್ನೇ.

ಈ ಗೊಂದಲದಲ್ಲಿ ಎಸ್‌ಕ್ಯೂಲೈಟ್‌ನ ಪಾಲೂ ಇದೆ. 2004ರಿಂದ ನಡೆದು ಬಂದಿರುವ ಮೂರನೇ ಆವೃತ್ತಿಯ ಲೈಬ್ರರಿ ಎಷ್ಟೇ ಹೊಸದಾಗಲಿ, ಲೋಡರ್ ನೋಡುವ ಹೆಸರಿನ ಕೊನೆಯ ಅಂಕಿ ಸಾಮಾನ್ಯವಾಗಿ ಸೊನ್ನೆಯೇ; ಹಾಗಾಗಿ ಹಳೆಯದು ಸಿಕ್ಕರೂ ಲೋಡರ್ ಸುಮ್ಮನೆ ಎತ್ತಿಕೊಳ್ಳುತ್ತದೆ. ಬರ್ಕ್ಲಿ ಡಿಬಿಯಲ್ಲಿ 4.8, 5.3 ಎಂದು ವರ್ಷನ್ ಹೆಸರಿನಲ್ಲೇ ಇರುತ್ತದೆ. ಬೇಕಾದದ್ದು ಇಲ್ಲದಿದ್ದರೆ ಲೋಡರ್ ಅಲ್ಲೇ ನಿಲ್ಲಿಸುತ್ತದೆ. ಹೀಗಿದ್ದೂ ಎಸ್‌ಕ್ಯೂಲೈಟ್‌ನ ಕ್ರಮವೇ ಮೇಲು ಎನ್ನುತ್ತೇನೆ. ಹಿಂದೆ ಕಂಪೈಲ್ ಆದ ಪ್ರೋಗ್ರಾಂ ಇಂದಿನ ಲೈಬ್ರರಿಯ ಜೊತೆಗೂ ನಡೆಯುತ್ತದೆ. ಹಳೆಯ ಡೇಟಾ ಫೈಲುಗಳೂ ತೆರೆದುಕೊಳ್ಳುತ್ತವೆ.

ಈ ಹೊಂದಾಣಿಕೆಯ ಧೈರ್ಯದ ಮೇಲೆ ಸಿಸ್ಟಂ ಲಿಂಕ್ ತಿರುಗಿಸುವುದು ಮಾತ್ರ ಸಲ್ಲದು. ಸೆಂಟ್‌ಒಎಸ್ 7ರ ಯಮ್ ಕೂಡ ಪ್ಯಾಕೇಜ್ ಪಟ್ಟಿಯನ್ನು ಎಸ್‌ಕ್ಯೂಲೈಟ್ ಮೂಲಕವೇ ಓದುತ್ತದೆ. ನಾವು ಕಂಪೈಲ್ ಮಾಡುವಾಗ ಕಾಲಂ ಮೆಟಾಡೇಟಾದಂಥ ಒಂದು ಆಪ್ಷನ್ ಬಿಟ್ಟರೆ, ಅದನ್ನು ನಂಬಿದ ಬೇರೆ ಪ್ರೋಗ್ರಾಂ ಸಿಂಬಲ್ ಸಿಗಲಿಲ್ಲವೆಂದು ಬೀಳುತ್ತದೆ. ಮುಂದೆ ಸಿಸ್ಟಂನ ಎಸ್‌ಕ್ಯೂಲೈಟ್ ಪ್ಯಾಕೇಜ್ ಮತ್ತೆ ಇನ್‌ಸ್ಟಾಲ್ ಆದರೆ ಲಿಂಕ್ ಮತ್ತೆ ಹಳೆಯದಕ್ಕೆ ತಿರುಗಬಹುದು. ರಿಪೇರಿ ಮಾಡಿದವರು ಅಷ್ಟರಲ್ಲಿ ಕಂಪನಿ ಬಿಟ್ಟಿದ್ದರೆ ಕಾರಣ ಹೇಳುವವರೇ ಇಲ್ಲ.

ಸರಿಯಾದ ದಾರಿ ಕಷ್ಟದ್ದೇನಲ್ಲ. ಹೊಸ ಲೈಬ್ರರಿಗೆ ಬೇರೆ ಡೈರೆಕ್ಟರಿ ಕೊಡಿ. ಆ ಒಂದು ಸರ್ವಿಸ್‌ನ ಸಿಸ್ಟಂಡಿ ಫೈಲಿನಲ್ಲಿ ಮಾತ್ರ ಎಲ್‌ಡಿ ಲೈಬ್ರರಿ ಪಾತ್ ಬರೆಯಿರಿ. ಇಲ್ಲವೇ ಪೈಥಾನ್ ಕಟ್ಟುವಾಗಲೇ ಆರ್‌ಪಾತ್ ಸೇರಿಸಿ. ಇದಕ್ಕೂ ಬೆಲೆಯಿದೆ: ಆ ಲೈಬ್ರರಿಯ ಸೆಕ್ಯುರಿಟಿ ಅಪ್‌ಡೇಟ್ ಇನ್ನು ನಿಮ್ಮ ತಲೆಯ ಮೇಲೆ. ಸೆಂಟ್‌ಒಎಸ್ 7ರ ಬೆಂಬಲ 2024ರ ಜೂನ್ 30ಕ್ಕೇ ಮುಗಿದಿರುವುದರಿಂದ ಈ ದಾರಿ ಸರ್ವರ್ ಬದಲಿಸುವವರೆಗಿನ ಏರ್ಪಾಡು ಮಾತ್ರ. ಅಲ್ಲಿಯವರೆಗೆ, ಪ್ರತಿ ಸಲ ಏಳುವಾಗಲೂ ಆ್ಯಪ್ ತಾನು ಎತ್ತಿಕೊಂಡ ಎಸ್‌ಕ್ಯೂಲೈಟ್ ವರ್ಷನನ್ನು ಲಾಗಿನಲ್ಲಿ ಬರೆಯುವಂತೆ ಮಾಡಿ. ನಾಳೆ ಕೆಲಸಕ್ಕೆ ಸೇರುವ ಹುಡುಗಿಯೋ ಹುಡುಗನೋ ರಾತ್ರಿ ಪಾಳಿಯಲ್ಲಿ ಒಬ್ಬರೇ ಕೂತು ಹುಡುಕುವಾಗ, ಆ ಒಂದು ಸಾಲು ಅವರ ಅರ್ಧ ಕೆಲಸವನ್ನು ಮುಗಿಸಿಕೊಡುತ್ತದೆ.