ಏಜಾಕ್ಸನಿಗೆ ಕಲ್ಲು ನಿಲ್ಲಿಸುವವರು ಯಾರು?

1929ರಲ್ಲಿ ‘ಶ್ರೀ’ ಎಂದೇ ಹೆಸರಾದ ಬಿ.ಎಂ. ಶ್ರೀಕಂಠಯ್ಯನವರು ಒಬ್ಬ ಚಿರಂಜೀವಿಯನ್ನು ಸಾಯಿಸಿದರು. ಹುಟ್ಟುಹಬ್ಬದ ಬೆಳಿಗ್ಗೆ ಮನೆಯ ಹಿರಿಯರು ಹೇಳಿಸುವ ಏಳು ಚಿರಂಜೀವಿಗಳ ಶ್ಲೋಕ ಶುರುವಾಗುವುದೇ ಅಶ್ವತ್ಥಾಮನ ಹೆಸರಿನಿಂದ. ಅಂಥವನು ‘ಅಶ್ವತ್ಥಾಮನ್’ ನಾಟಕದಲ್ಲಿ ತನ್ನ ಕೈಯಾರೆ ಪ್ರಾಣ ಕಳೆದುಕೊಳ್ಳುತ್ತಾನೆ. ಯಾಕೆಂದರೆ ಸೊಫೋಕ್ಲೀಸನ ಏಜಾಕ್ಸ್ ಹಾಗೆ ಸತ್ತಿದ್ದ. ಪುರಾಣವನ್ನು ಇಷ್ಟರಮಟ್ಟಿಗೆ ತಿದ್ದಬಹುದೇ ಎಂಬ ತಕರಾರು ಈ ನಾಟಕದ ಬೆನ್ನಿಗೆ ಅಂಟಿಕೊಂಡೇ ಇದೆ. ನನಗೆ ಆ ತಕರಾರಿಲ್ಲ. ಕವಿಗೆ ಕೊಲ್ಲುವ ಹಕ್ಕಿದೆ. ಕೊಂದ ಮೇಲೆ ಹೆಣವನ್ನು ಏನು ಮಾಡಬೇಕೆಂಬುದೇ ಆ ಗ್ರೀಕ್ ನಾಟಕದ ಜೀವವಾಗಿತ್ತು. ಹೆಣದ ಸುತ್ತಲಿನ ಆ ಜಗಳ ಕನ್ನಡಕ್ಕೆ ಬಂತು, ಅದರ ಬೇರು ಮಾತ್ರ ಅಲ್ಲೇ ಉಳಿಯಿತು.

ಇದನ್ನು ಈಗ ಬರೆಯಲು ಒಂದು ನೆಪವಿದೆ. ಶಿವಮೊಗ್ಗದ ಗೋಪಾಳದಲ್ಲಿ ನಾವು ನಾಲ್ಕಾರು ಜನ ಆಗಾಗ ಕೂತು ಓದುತ್ತೇವೆ. ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವನೊಬ್ಬ ಗ್ರೀಕ್ ವೀರರ ಕಥೆಗಳನ್ನು ಇಟ್ಟುಕೊಂಡು ಒಂದು ಕಿರುಕಾದಂಬರಿ ಬರೆಯಲು ಹೊರಟಿದ್ದಾನೆ. ಹರ್ಕ್ಯುಲಿಸ್‌ನ ಹನ್ನೆರಡು ಸಾಹಸ, ಅಕಿಲಿಸ್‌ನ ಹಿಮ್ಮಡಿ, ಪರ್ಸಿಯಸ್‌ನ ಕನ್ನಡಿಗುರಾಣಿ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಕಲೆಹಾಕಿದ್ದಾನೆ. ಓದಿದರೆ ಕೋಶದಂತಿದೆ, ಕಥೆಯಂತಿಲ್ಲ. ಅವನ ಕೈಗೆ ‘ಅಶ್ವತ್ಥಾಮನ್’ ಕೊಟ್ಟವನು ನಾನು. ಗ್ರೀಕ್ ವೀರನನ್ನು ಕನ್ನಡದ ಮಣ್ಣಿನಲ್ಲಿ ನೆಡಲು ನಡೆದ ದೊಡ್ಡ ಪ್ರಯತ್ನಗಳಲ್ಲಿ ಇದು ಮೊದಲ ಸಾಲಿನದು. ಅದು ಎಲ್ಲಿ ಚಿಗುರಿತು, ಎಲ್ಲಿ ಒಣಗಿತು ಎಂದು ನೋಡಿಕೊಂಡವನಿಗೆ ಮುಂದಿನ ದಾರಿ ಸುಲಭ.

ಮೊದಲು ಮೂಲದ ಕಥೆ. ಟ್ರಾಯ್ ಯುದ್ಧದಲ್ಲಿ ಅಕಿಲಿಸ್ ಸತ್ತ ಮೇಲೆ ಅವನ ಆಯುಧಗಳು ತನಗೆ ಬರಬೇಕೆಂದು ಏಜಾಕ್ಸ್ ನಂಬಿದ್ದ. ಅವು ಮಾತುಗಾರ ಒಡಿಸ್ಯೂಸ್‌ಗೆ ಹೋದವು. ರೋಷದಲ್ಲಿ ಏಜಾಕ್ಸ್ ರಾತ್ರಿ ದಂಡಿನ ಮುಖಂಡರನ್ನೇ ಕೊಲ್ಲಲು ಹೊರಟ. ಅಥೀನಾ ದೇವಿ ಅವನಿಗೆ ಮಂಕು ಕವಿಸಿದಳು. ಶತ್ರುಗಳೆಂದು ಅವನು ಕಡಿದದ್ದು ದಂಡಿನ ದನಕುರಿಗಳನ್ನು ಮತ್ತು ಅವುಗಳ ಕಾವಲಿನವರನ್ನು. ಬೆಳಕು ಹರಿದಾಗ ಬುದ್ಧಿ ತಿಳಿಯಾಯಿತು, ಲೋಕವೆಲ್ಲ ತನ್ನನ್ನು ನೋಡಿ ನಗುತ್ತದೆಂಬುದು ಹೊಳೆಯಿತು. ಟ್ರಾಯ್‌ನ ವೀರ ಹೆಕ್ಟರ್ ಕೊಟ್ಟಿದ್ದ ಕತ್ತಿಯನ್ನು ನೆಲದಲ್ಲಿ ನೆಟ್ಟು ಅದರ ಮೇಲೆ ಬಿದ್ದ. ಇಷ್ಟಾಗುವಾಗ ನಾಟಕ 865ನೇ ಸಾಲಿನ ಆಸುಪಾಸಿನಲ್ಲಿದೆ. ಇರುವುದು ಒಟ್ಟು 1420 ಸಾಲು. ಉಳಿದದ್ದೆಲ್ಲ ಹೆಣದ ಸುತ್ತಲಿನ ಜಗಳ: ಹೂಳಕೂಡದೆಂದು ದಂಡಿನ ಮುಖಂಡರಾದ ಮೆನೆಲಾಸ್, ಅಗಮೆಮ್ನಾನ್, ಹೂತೇ ತೀರುತ್ತೇನೆಂದು ಏಜಾಕ್ಸ್‌ನ ತಮ್ಮ ಟ್ಯೂಸರ್. ಕೊನೆಗೆ ಹೂಳಲು ಬಿಡಿ ಎಂದು ಒಪ್ಪಿಸುವವನು ವೈರಿ ಒಡಿಸ್ಯೂಸ್. ನಾಯಕ ನಡುವೆಯೇ ಸತ್ತುಹೋದ ಈ ನಾಟಕ ಎರಡು ತುಂಡಾಗಿದೆ ಎಂದು ದೂರಿದ ಪಂಡಿತರು ಯುರೋಪಿನಲ್ಲಿ ಬೇಕಾದಷ್ಟಿದ್ದಾರೆ.

ಶ್ರೀಯವರ ಕೈಚಳಕ ಕಾಣುವುದು ಟ್ಯೂಸರ್‌ನ ಜಾಗದಲ್ಲಿ. ಅಲ್ಲಿ ಅವರು ನಿಲ್ಲಿಸಿದ್ದು ಏಕಲವ್ಯನನ್ನು. ದ್ರೋಣನಿಗೆ ಹೆಬ್ಬೆರಳು ಕೊಯ್ದುಕೊಟ್ಟವನೇ ದ್ರೋಣನ ಮಗನ ಹೆಣಕ್ಕೆ ಕಾವಲು ನಿಲ್ಲುತ್ತಾನೆ. ಮಹಾಭಾರತದ ಪ್ರಕಾರ ಏಕಲವ್ಯ ಯುದ್ಧಕ್ಕೆ ಮೊದಲೇ ಕೃಷ್ಣನ ಕೈಯಲ್ಲಿ ಸತ್ತವನು. ಹಾಗಾಗಿ ಶ್ರೀಯವರು ಸಾಯದವನನ್ನು ಸಾಯಿಸಿ, ಸತ್ತವನನ್ನು ಬದುಕಿಸಿದರು. ಟ್ಯೂಸರ್ ದಾಸಿಯ ಮಗನೆಂದು ಹಂಗಿಸಿಕೊಳ್ಳುವವನು. ಆ ಹಂಗಿನ ಮಾತು ಏಕಲವ್ಯನ ಮೇಲೆ ಬಿದ್ದಾಗ ನಮಗೆ ಅದಕ್ಕೆ ಅಡಿಟಿಪ್ಪಣಿ ಬೇಡ. ಗ್ರೀಕ್ ಪಾತ್ರವೊಂದಕ್ಕೆ ಇಷ್ಟು ಸರಿಯಾದ ಕನ್ನಡದ ಮೈ ಸಿಕ್ಕ ಇನ್ನೊಂದು ಉದಾಹರಣೆ ನನಗೆ ತೋಚುತ್ತಿಲ್ಲ.

ಆದರೆ ನಾಯಕನ ವಿಷಯಕ್ಕೆ ಬಂದರೆ ಜೋಡಣೆ ಸಡಿಲ. ಏಜಾಕ್ಸ್ ಕಡಿದದ್ದು ದನಕುರಿ. ಸೌಪ್ತಿಕ ಪರ್ವದ ಅಶ್ವತ್ಥಾಮ ಕೊಂದದ್ದು ಮಲಗಿದ್ದ ಉಪಪಾಂಡವರನ್ನು. ಮೊದಲನೆಯದು ನಗೆಪಾಟಲು, ಎರಡನೆಯದು ಮಹಾಪಾತಕ. ಏಜಾಕ್ಸ್‌ನ ಸಾವು ನಾಚಿಕೆಯಿಂದ ಹುಟ್ಟಿದ್ದು. ಜನ ನಕ್ಕಾರು ಎಂಬುದಕ್ಕಿಂತ ದೊಡ್ಡ ನರಕ ಅವನಿಗಿಲ್ಲ. ಅಶ್ವತ್ಥಾಮನನ್ನು ನೋಡಿ ಯಾರೂ ನಗುವುದಿಲ್ಲ, ಹೇಸುತ್ತಾರೆ. ದೇವರ ಪಾತ್ರವೂ ತಲೆಕೆಳಗು. ಅಲ್ಲಿ ಅಥೀನಾ ಮಂಕು ಕವಿಸಿ ಮೋಸ ಮಾಡಿದರೆ, ವ್ಯಾಸಭಾರತದಲ್ಲಿ ಶಿವ ಕತ್ತಿ ಕೊಟ್ಟು ಅಶ್ವತ್ಥಾಮನ ಮೈಯನ್ನೇ ಹೊಕ್ಕು ಬಲ ತುಂಬುತ್ತಾನೆ. ಆ ರಾತ್ರಿಯ ಸುದ್ದಿ ಕೇಳಿ ದುರ್ಯೋಧನ ಹರುಷದಿಂದ ಪ್ರಾಣ ಬಿಡುತ್ತಾನೆ, ಹೇಳಿದವನಿಗೆ ಆ ಹೊತ್ತಿನಲ್ಲಿ ನಾಚಿಕೆಯ ಸುಳಿವಿಲ್ಲ. ಇಂಥವನ ಬಾಯಲ್ಲಿ ಏಜಾಕ್ಸ್‌ನ ಅಳಲನ್ನು ಇಟ್ಟಾಗ ಮಾತಿಗೂ ಮನುಷ್ಯನಿಗೂ ನಡುವೆ ಗಾಳಿಯಾಡುತ್ತದೆ. ಹಳಗನ್ನಡದ ಗತ್ತು ಆ ಸಂದಿಯನ್ನು ಕೊಂಚ ಮುಚ್ಚುತ್ತದೆ, ಅಷ್ಟೇ. ಮೂರು ವರ್ಷ ಮೊದಲು, 1926ರಲ್ಲಿ, ಶ್ರೀಯವರು ರನ್ನನ ಕಾವ್ಯವನ್ನು ‘ಗದಾಯುದ್ಧ ನಾಟಕಂ’ ಆಗಿ ಮಾಡಿದಾಗ ಈ ತೊಂದರೆ ಇರಲಿಲ್ಲ. ರನ್ನನ ದುರ್ಯೋಧನ ತನ್ನ ದುರಂತವನ್ನು ತಾನೇ ಹೊತ್ತು ನಿಂತಿದ್ದ, ಗ್ರೀಕರಿಂದ ರೂಪವೊಂದನ್ನು ಎರವಲು ತಂದರೆ ಸಾಕಾಗಿತ್ತು.

ನನ್ನ ಅನುಮಾನವೆಂದರೆ ಶ್ರೀಯವರು ಅಶ್ವತ್ಥಾಮನಿಗೆ ತಪ್ಪು ಜೊತೆಗಾರನನ್ನು ಹುಡುಕಿದರು. ಸೊಫೋಕ್ಲೀಸನದೇ ಇನ್ನೊಂದು ನಾಟಕ ‘ಫಿಲೊಕ್ಟೀಟಿಸ್’, ಆಡಿದ್ದು ಕ್ರಿ.ಪೂ. 409ರಲ್ಲಿ. ಕಾಲಿಗೆ ಹಾವು ಕಚ್ಚಿ ಹುಣ್ಣು ಕೊಳೆತು ನಾರುತ್ತಿದ್ದವನನ್ನು ಜೊತೆಯವರೇ ಲೆಮ್ನೋಸ್ ದ್ವೀಪದಲ್ಲಿ ಬಿಟ್ಟುಹೋಗುತ್ತಾರೆ. ಅವನು ವರ್ಷಗಟ್ಟಲೆ ಸಾಯದೆ ನರಳುತ್ತಾನೆ. ಕೃಷ್ಣನ ಶಾಪದಂತೆ ಮೂರು ಸಾವಿರ ವರ್ಷ ಕೀವು ಸುರಿಸುತ್ತ, ಮಾತಾಡಿಸುವವರಿಲ್ಲದೆ ಕಾಡು ಅಲೆಯುವ ಅಶ್ವತ್ಥಾಮನಿಗೆ ಇವನಿಗಿಂತ ಹತ್ತಿರದ ನೆಂಟ ಯಾರಿದ್ದಾರೆ? ಸಾಯಲಾಗದಿರುವುದೇ ಅವನ ಶಿಕ್ಷೆ. ನಾಟಕ ಅವನಿಗೆ ಸಾವು ಕೊಟ್ಟು ಬಿಡುಗಡೆ ಮಾಡಿಬಿಟ್ಟಿತು.

ಮಕ್ಕಳನ್ನು ಕೊಂದವನ ಕಥೆಯೇ ಬೇಕಿದ್ದರೆ ಅದೂ ಇದೆ, ಆದರೆ ಪುರಾಣಸಂಗ್ರಹಗಳಲ್ಲಿ ಸಿಗುವಂಥದಲ್ಲ. ಕ್ರಿ.ಶ. ಎರಡನೆಯ ಶತಮಾನದಲ್ಲಿ ಗ್ರೀಸ್ ಸುತ್ತಿ ಊರೂರಿನ ಗುಡಿ, ಗೋರಿಗಳನ್ನು ಬರೆದಿಟ್ಟ ಪೌಸೇನಿಯಸ್ ಅದನ್ನು ಹೇಳುತ್ತಾನೆ. ಅಸ್ಟಿಪಲೇಯ ದ್ವೀಪದ ಕ್ಲಿಯೋಮಿಡೀಸ್ ಎಂಬ ಮುಷ್ಟಿಮಲ್ಲ ಕ್ರಿ.ಪೂ. 492ರ ಒಲಿಂಪಿಕ್ಸ್‌ನಲ್ಲಿ ಎದುರಾಳಿಯನ್ನು ಕೊಂದ. ಗೆಲುವನ್ನು ಕಿತ್ತುಕೊಂಡರು. ದುಃಖಕ್ಕೆ ಹುಚ್ಚು ಹಿಡಿದು ಊರಿಗೆ ಬಂದವನು ಶಾಲೆಯ ಕಂಬ ಕಿತ್ತ. ಚಾವಣಿ ಕುಸಿದು ಸುಮಾರು ಅರವತ್ತು ಮಕ್ಕಳ ಮೇಲೆ ಬಿತ್ತು. ಊರವರು ಕಲ್ಲು ಹೊಡೆಯುತ್ತ ಬೆನ್ನಟ್ಟಿದಾಗ ಅಥೀನಾಳ ಗುಡಿಯ ಪೆಟ್ಟಿಗೆಯೊಳಗೆ ಅವಿತುಕೊಂಡ. ಪೆಟ್ಟಿಗೆ ಒಡೆದು ನೋಡಿದರೆ ಅವನಿಲ್ಲ, ಹೆಣವೂ ಇಲ್ಲ. ಡೆಲ್ಫಿಗೆ ಹೋಗಿ ಕೇಳಿದರೆ, ವೀರರಲ್ಲಿ ಇವನೇ ಕೊನೆಯವನು, ಪೂಜೆ ಸಲ್ಲಿಸಿ ಎಂಬ ಅಪ್ಪಣೆಯಾಯಿತು!

ನಮ್ಮ ಹುಡುಗನ ನೋಟ್‌ಬುಕ್ಕಿನಲ್ಲಿ ಇಲ್ಲದ್ದು ಈ ಬಗೆಯ ವೀರ. ಗ್ರೀಕರಿಗೆ ವೀರನಾಗಲು ಒಳ್ಳೆಯವನಾಗಿರಬೇಕಿರಲಿಲ್ಲ. ಸತ್ತ ಮೇಲೂ ಅವನ ಶಕ್ತಿ ಆ ನೆಲದಲ್ಲಿ ಉಳಿದಿರಬೇಕು, ಕೆಣಕಿದರೆ ಕಾಡಬೇಕು, ಒಲಿಸಿಕೊಂಡರೆ ಕಾಯಬೇಕು. ಆದ್ದರಿಂದಲೇ ಮೂಳೆಗಳಿಗೆ ಅಷ್ಟು ಬೆಲೆ. ಕ್ರಿ.ಪೂ. 475ರ ಸುಮಾರಿಗೆ ಕೈಮನ್ ಎಂಬ ಸೇನಾನಿ ಸ್ಕೈರೋಸ್ ದ್ವೀಪದಿಂದ ಥೀಸ್ಯೂಸ್‌ನದೆಂದು ಮೂಳೆಗಳನ್ನು ಅಗೆದು ಮೆರವಣಿಗೆಯಲ್ಲಿ ಅಥೆನ್ಸ್‌ಗೆ ತಂದ. ಏಜಾಕ್ಸ್‌ನ ಗೋರಿಯನ್ನು ಸಮುದ್ರ ಕೊರೆದಾಗ ಕಂಡ ಮಂಡಿಚಿಪ್ಪು ಹುಡುಗರು ಎಸೆಯುವ ಚಕ್ರದಷ್ಟು ದೊಡ್ಡದಿತ್ತಂತೆ, ಇದೂ ಪೌಸೇನಿಯಸ್ ಕೇಳಿ ಬರೆದದ್ದು. ಕ್ರಿ.ಪೂ. 508ರಲ್ಲಿ ಕ್ಲೀಸ್ಥನೀಸ್ ಅಥೆನ್ಸಿನ ಪ್ರಜೆಗಳನ್ನು ಹತ್ತು ಬಣಗಳಾಗಿ ವಿಂಗಡಿಸಿದಾಗ ಒಂದಕ್ಕೆ ಏಜಾಕ್ಸ್‌ನ ಹೆಸರಿಟ್ಟ. ಬಣಗಳಿಗೆ ಹೆಸರು ಕೊಟ್ಟ ಹತ್ತು ವೀರರಲ್ಲಿ ಹೊರಗಿನವನು ಅವನೊಬ್ಬನೇ. ಕ್ರಿ.ಪೂ. 480ರಲ್ಲಿ ಸಲಾಮಿಸ್ ಸಮುದ್ರದಲ್ಲಿ ಪಾರಸಿಕರನ್ನು ಎದುರಿಸುವ ಮೊದಲು ಗ್ರೀಕರು ಏಜಾಕ್ಸ್‌ನನ್ನು ಕೂಗಿ ಕರೆದರೆಂದು ಹೆರೊಡೊಟಸ್ ಹೇಳುತ್ತಾನೆ. ಇಂಥ ಕಾವಲುಗಾರನನ್ನು ಹೂಳದೆ ಎಸೆಯುತ್ತೇವೆಂದು ರಂಗದ ಮೇಲೆ ಇಬ್ಬರು ಅರಚುವಾಗ ಅಥೆನ್ಸಿನ ಪ್ರೇಕ್ಷಕರಿಗೆ ಎದೆ ಧಸಕ್ಕೆಂದಿರಬೇಕು. ನಾಟಕದ ಉತ್ತರಾರ್ಧ ಎಳೆದಂತಿದೆ ಎನ್ನುವವರು ಇದನ್ನು ಮರೆತಿರುತ್ತಾರೆ.

ಶ್ರೀಯವರಿಗೆ ಸಲಾಮಿಸ್ ಅಪರಿಚಿತವೇನಲ್ಲ. 1935ರ ಅವರ ‘ಪಾರಸಿಕರು’ ಅದೇ ಯುದ್ಧದ ಸೋಲನ್ನು ಹೇಳುವ ಈಸ್ಕಿಲಸ್‌ನ ನಾಟಕದ ಕನ್ನಡ ರೂಪ. ಹಾಗಿದ್ದೂ ‘ಅಶ್ವತ್ಥಾಮನ್’ ಬರೆಯುವಾಗ ಅವರ ಕಣ್ಣು ಎತ್ತರದಿಂದ ಬೀಳುವ ಮಹಾವ್ಯಕ್ತಿಯ ಮೇಲಿತ್ತು; ಬಿದ್ದ ಜಾಗದಲ್ಲಿ ದೀಪ ಹಚ್ಚುವ ಜನರ ಮೇಲಿರಲಿಲ್ಲ. ಅಶ್ವತ್ಥಾಮನ ಹೆಣಕ್ಕೆ ಸಂಸ್ಕಾರವಾದರೆ ಅವನ ಮಾನ ಉಳಿದೀತು, ಆದರೆ ಅದರಿಂದ ಯಾವ ಊರಿನ ಮಳೆಬೆಳೆಗೂ ಏನೂ ಆಗಬೇಕಿಲ್ಲ. ಗೋರಿಗೆ ಊರಿಲ್ಲದ ಕಡೆ ಹೆಣದ ಜಗಳ ಬರೀ ವಾದವಾಗಿಬಿಡುತ್ತದೆ.

ಲಂಕೇಶರು ಬೇರೆ ದಾರಿ ಹಿಡಿದರು. ಇಲ್ಲೇ ಪಕ್ಕದ ಕೊನಗವಳ್ಳಿಯವರು, ಸಹ್ಯಾದ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದವರು. ‘ದೊರೆ ಈಡಿಪಸ್’, ‘ಅಂತಿಗೊನೆ’ ಎರಡರಲ್ಲೂ ಹೆಸರು, ಊರು, ದೇವರು ಎಲ್ಲವನ್ನೂ ಗ್ರೀಕರದ್ದೇ ಇಟ್ಟು ಮಾತನ್ನಷ್ಟೇ ಕನ್ನಡ ಮಾಡಿದರು. ಅದು ಮಾತಾಡುವ ಕನ್ನಡವಾದ್ದರಿಂದ ರಂಗದ ಮೇಲೆ ನಿಂತಿತು. ಅನುವಾದಕನ ಮಟ್ಟಿಗೆ ಅದು ಪ್ರಾಮಾಣಿಕ ನಡೆ. ಆದರೆ ಹೊಸದನ್ನು ಬರೆಯುವವನಿಗೆ ಅಲ್ಲಿಂದ ಸಿಗುವುದು ಧೈರ್ಯ, ದಾರಿಯಲ್ಲ. ಇನ್ನು ಕುವೆಂಪು: ‘ಶ್ರೀರಾಮಾಯಣ ದರ್ಶನಂ’ನ ಆರಂಭದಲ್ಲಿ ಹೋಮರನಿಗೆ ಕೈಮುಗಿದು, ಅವನ ಉದ್ದನೆಯ ಉಪಮೆಗಳನ್ನು ಮಲೆನಾಡಿನ ಕಾಡಿಗೆ ಹೊಂದಿಸಿಕೊಂಡರು. ಅವರಿಗೆ ಬೇಕಿದ್ದದ್ದು ಹೋಮರನ ಉಸಿರು, ಅವನ ವೀರರಲ್ಲ.

ಹಾಗಾದರೆ ಗೋರಿಗೆ ಊರು ಎಲ್ಲಿದೆ? ಗೋಪಾಳದಿಂದ ಸಿಟಿ ಬಸ್ ಹತ್ತಿ ಕೋಟೆಯ ಕಡೆ ಇಳಿದರೆ ಶಿವಪ್ಪನಾಯಕನ ಅರಮನೆಯ ಅಂಗಳದಲ್ಲಿ ವೀರಗಲ್ಲುಗಳು ನಿಂತಿವೆ. ಶಿಕಾರಿಪುರ, ಸೊರಬ, ಬಳ್ಳಿಗಾವೆಯ ಕಡೆ ಹೋದರೆ ಕೆರೆ ಏರಿ, ಗುಡಿಯ ಹಿಂಬದಿ, ಹೊಲದ ಬದು ಎಲ್ಲೆಲ್ಲೂ ಇವೆ. ಬಿ.ಎಲ್. ರೈಸ್ 1902 ಮತ್ತು 1904ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳು, ಎಂಟನೇ ಸಂಪುಟಗಳು ಈ ಜಿಲ್ಲೆಯ ಶಾಸನಗಳವೇ. ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’ ಜೊತೆಗಿದ್ದರೆ ಓದು ಇನ್ನೂ ಸಲೀಸು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಮುಂದೆ ಕುಳಿತ ವೀರ. ಸತ್ತವರು ರಾಜರಲ್ಲ, ದನ, ಊರು, ಹೆಂಗಸರನ್ನು ಕಾಯಲು ಹೋಗಿ ಕಲ್ಲಿನ ಮೇಲೆ ‘ತುರುಗೊಳ್’, ‘ಊರಳಿವು’, ‘ಪೆಣ್ಬುಯ್ಯಲ್’ ಎಂದು ಬರೆಸಿಕೊಂಡ ಹಳ್ಳಿಗರು. ಕ್ರಿ.ಶ. 950ರ ಹೊತ್ತಿನ ಆತಕೂರಿನ ಕಲ್ಲಿನಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೂ ಗೌರವ ಸಂದಿದೆ.

ಗ್ರೀಕರ ವೀರಪೂಜೆಗೂ ಇದಕ್ಕೂ ಪೂರಾ ಹೊಂದಿಕೆಯಿದೆ ಎನ್ನಲಾರೆ. ‘ಒಡಿಸ್ಸಿ’ಯ ಹನ್ನೊಂದನೇ ಭಾಗದಲ್ಲಿ ಸತ್ತ ಅಕಿಲಿಸ್, ಇಲ್ಲಿ ದೊರೆಯಾಗಿರುವುದಕ್ಕಿಂತ ಭೂಮಿಯ ಮೇಲೆ ಬಡವನೊಬ್ಬನ ಮನೆಯ ಕೂಲಿಯಾಗಿರುವುದೇ ಮೇಲು ಎಂದು ಹಲುಬುತ್ತಾನೆ. ನಮ್ಮ ಕಲ್ಲುಗಳಲ್ಲಿ ಅಂಥ ಹಲುಬಾಟವಿಲ್ಲ. ಗೆದ್ದರೆ ಸಿರಿ, ಸತ್ತರೆ ದೇವಕನ್ನಿಕೆ, ಮೈ ಹೇಗೂ ಅಳಿಯುವುದೇ ಎಂಬ ಲೆಕ್ಕ ಚುಕ್ತಾ. ಈ ನಿಶ್ಚಿಂತೆಯಲ್ಲಿ ದುರಂತಕ್ಕೆ ಜಾಗವಿಲ್ಲ ಎಂದು ನಮ್ಮ ಓದಿನಲ್ಲೇ ಒಬ್ಬರು ವಾದಿಸಿದರು. ಅರ್ಧ ಸರಿ. ಆದರೆ ದುರಂತವನ್ನು ಸತ್ತವನಲ್ಲಿ ಏಕೆ ಹುಡುಕಬೇಕು?

ತುರುಗೊಳ್ ಎಂದರೆ ದನ ಹೊಡೆದುಕೊಂಡು ಹೋಗುವ ದಾಳಿ, ಅದನ್ನು ತಡೆದು ಸತ್ತವನಿಗೆ ಕಲ್ಲು. ಈ ಲೋಕದಲ್ಲಿ ಏಜಾಕ್ಸ್‌ನನ್ನು ಇಟ್ಟು ನೋಡಿ. ಊರಿನ ತುರು ಕಾಯಬೇಕಾದವನು ಮಂಕು ಕವಿದು ಅದೇ ತುರುವನ್ನು ಕಡಿದುಹಾಕಿದ. ಬೆಳಿಗ್ಗೆ ತನ್ನ ಕತ್ತಿಗೆ ತಾನೇ ಬಿದ್ದ. ಮಹಾಭಾರತದ ಹಂಗಿಲ್ಲ, ಚಿರಂಜೀವಿಯ ಗೋಜಿಲ್ಲ. ಶ್ರೀಯವರಿಗೆ ಸಿಗದ ದನದ ಮಂದೆ ಇಲ್ಲಿ ತಾನಾಗಿ ಬಂದು ನಿಲ್ಲುತ್ತದೆ, ಅದರ ಜೊತೆ ನಗೆಪಾಟಲೂ ಬರುತ್ತದೆ. ಇವನಿಗೆ ಕಲ್ಲು ನಿಲ್ಲಿಸಬೇಕೇ? ನಿಲ್ಲಿಸಿದರೆ ಕೆಳಗಿನ ಪಟ್ಟಿಕೆಯಲ್ಲಿ ಶಿಲ್ಪಿ ಯಾರೊಡನೆ ಕಾಳಗ ಕೆತ್ತಬೇಕು? ನಿಲ್ಲಿಸದಿದ್ದರೆ, ಹತ್ತು ಸಲ ಊರು ಉಳಿಸಿದವನ ಲೆಕ್ಕ ಏನಾಯಿತು? ಕಲ್ಲಿನ ಹಿಂದೆ ಮಣ್ಣಿನ ಪ್ರಶ್ನೆಯೂ ಇದೆ. ವೀರ ಸತ್ತರೆ ಅವನ ಮನೆಯವರಿಗೆ ನೆತ್ತರುಗೊಡಗೆಯೆಂದು ಹೊಲಗದ್ದೆ ಬಿಡುತ್ತಿದ್ದರು. ಸೊಫೋಕ್ಲೀಸನಲ್ಲಿ ಏಜಾಕ್ಸ್‌ನ ಹೆಂಡತಿ ಟೆಕ್ಮೆಸ್ಸಾ ತಾನೂ ಮಗುವೂ ನಾಳೆ ಯಾರ ಮನೆಯ ತೊತ್ತಾಗಬೇಕೋ ಎಂದು ಗಂಡನೆದುರು ಬೇಡಿಕೊಳ್ಳುತ್ತಾಳೆ. ಅವಳ ಜಾಗದಲ್ಲಿ ಶ್ರೀಯವರು ತಂದ ಅಶ್ವತ್ಥಾಮನ ಹೆಂಡತಿ ಭಾರ್ಗವಿಗೆ ಆ ಮಾತಿನ ಭಾರ ಪೂರ್ತಿ ದಕ್ಕಲಿಲ್ಲ. ಆಚಾರ್ಯಪುತ್ರನ ಹೆಂಡತಿ ತೊತ್ತಾಗುವುದನ್ನು ನಾವು ನಂಬುವುದಿಲ್ಲ. ಹಳ್ಳಿಯ ಕಾವಲುಗಾರನ ಹೆಂಡತಿಯಾದರೆ ನಂಬುತ್ತೇವೆ. ಊರ ಗಾವುಂಡ ಕಲ್ಲು ಬೇಡವೆಂದರೆ ಅವಳಿಗೆ ಗದ್ದೆಯಿಲ್ಲ. ಮೈದುನನೊಬ್ಬ ಹೆಣದ ಪಕ್ಕ ಕತ್ತಿ ಹಿರಿದು ಕೂತಿದ್ದಾನೆ. ದನ ಕಳೆದುಕೊಂಡ ಮನೆಗಳವರು ಸುತ್ತ ನಿಂತಿದ್ದಾರೆ. ಅವರ ಪೈಕಿ ಸತ್ತವನ ಹಳೆಯ ಹಗೆಯೊಬ್ಬ ಬಾಯಿ ತೆರೆಯಬೇಕು, ಅವನು ಏನೆನ್ನುತ್ತಾನೆಂಬುದನ್ನು ನಮ್ಮ ಹುಡುಗ ಇನ್ನೂ ಬರೆದಿಲ್ಲ.