ಕೋಟಿಯಿಂದ ಏಳರವರೆಗೆ
7,39,39,133. ಕೋಟಿ, ಲಕ್ಷದ ಲೆಕ್ಕದಲ್ಲಿ ಅಲ್ಪವಿರಾಮ ಹಾಕಿದರೆ ಎರಡು ಮೂವತ್ತೊಂಬತ್ತುಗಳು ಅಕ್ಕಪಕ್ಕ ಕೂತು ಚೆಂದ ಕಾಣುತ್ತವೆ. ಇದು ಅವಿಭಾಜ್ಯ ಸಂಖ್ಯೆ. ಅಂಥವು ಬೇಕಾದಷ್ಟಿವೆ ಬಿಡಿ. ಇದರ ಸೊಗಸೇ ಬೇರೆ: ಬಲತುದಿಯ ಅಂಕಿ ಅಳಿಸಿದರೆ ಉಳಿಯುವ 7393913 ಕೂಡ ಅವಿಭಾಜ್ಯ. ಅಳಿಸುತ್ತಲೇ ಹೋಗಿ: 739391, 73939, 7393, 739, 73, ಕೊನೆಗೆ 7. ಕಬ್ಬನ್ನು ಎಲ್ಲಿ ಕತ್ತರಿಸಿದರೂ ಸಿಹಿಯೇ!

ಒಳಗಿನ ಕುಸುರಿ ನೋಡಿ. 7ರ ನಂತರ ಬಂದವೆಲ್ಲ 3 ಮತ್ತು 9. ನಡುವೆ ಒಂದೇ ಒಂದು 1. ಅಂಕಿಗಳ ಮೊತ್ತ 38. ತುದಿಗೆ ಇನ್ನೊಂದು 1 ಅಂಟಿಸಿದರೆ ಮೊತ್ತ 39, 7 ಅಂಟಿಸಿದರೆ 45; ಎರಡೂ 3ರ ಬಾಯಿಗೆ ತುತ್ತು. 3 ಅಥವಾ 9 ಅಂಟಿಸಿದರೂ ಒಡೆದುಹೋಗುತ್ತದೆ. ದಶಮಾನ ಪದ್ಧತಿಯಲ್ಲಿ ಈ ಜಾತಿಯ ಸಂಖ್ಯೆಗಳು ಒಟ್ಟು 83. ಎಲ್ಲಕ್ಕಿಂತ ದೊಡ್ಡದು ಇದೇ.